11 ವರ್ಷದ ಮೇಲೆ ಹಳೆ ಕ್ಲಬ್ಬಿಗೆ: ಆ 108 ಎಲ್ಲಿಂದ ಬಂತು?

ಪ್ರಶ್ನೆ: ನನಗೆ 54 ವರ್ಷ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಘಟಕ ಇಟ್ಟುಕೊಂಡಿದ್ದೇನೆ. ಮೊದಲು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಗ ಅಲ್ಲಿನ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ವಾರಕ್ಕೆರಡು ಸಲ ಆಡುತ್ತಿದ್ದೆ. ಹ್ಯಾಂಡಿಕ್ಯಾಪ್, ಅಂದರೆ ನಿಗದಿಗಿಂತ ಸುಮಾರು ಎಷ್ಟು ಹೊಡೆತ ಹೆಚ್ಚು ಆಡುತ್ತೇನೆ ಅನ್ನುವ ಅಂಕಿ, 14 ಇತ್ತು. ಅಪ್ಪನಿಗೆ ಹುಷಾರಿಲ್ಲ ಅಂತ ಊರಿಗೆ ಬಂದವನು 11 ವರ್ಷ ಕಿಟ್ ಮುಟ್ಟಲಿಲ್ಲ. ಮೆಂಬರ್‌ಶಿಪ್ ಮಾತ್ರ ಬಿಟ್ಟಿರಲಿಲ್ಲ. ಈಗ ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಾಳೆ, ತಿಂಗಳಿಗೊಮ್ಮೆ ಹೋಗುತ್ತೇನೆ. ಹೋದ ತಿಂಗಳು ಹಳೇ ಗೆಳೆಯರ ಜೊತೆ ಆಡಿದೆ. ಸ್ಕೋರು 108. ಏಳು ಚೆಂಡು ಹೋದವು: ನಾಲ್ಕು ಮರಗಳ ಸಂದಿಗೆ, ಮೂರು ನೀರಿಗೆ. ಪಟ್‌ಗಳೇ (ತೂತಿನ ಹತ್ತಿರ ಚೆಂಡನ್ನು ನೆಲದ ಮೇಲೆ ಉರುಳಿಸುವ ಹೊಡೆತ) 41. ರಾತ್ರಿ ರೈಲಿನಲ್ಲಿ ಹೋಗಿ ಬೆಳಗ್ಗೆ ನೇರ ಆಡಲು ಇಳಿದಿದ್ದೆ. ಊರಲ್ಲಿ ದಿನಾ ಹೋಗಿ ಆಡುವಂಥ ಕೋರ್ಸ್ ನನಗಿಲ್ಲ. ಮನೆಗೆ ಮಹಡಿ ಇದೆ, ಅಷ್ಟೇ. ಮತ್ತೆ ಮೊದಲಿನಂತೆ ಆಡಬಹುದೇ, ಇಲ್ಲ ಕಿಟ್ ಮಾರಿಬಿಡಲೇ?

ಉತ್ತರ:

ಕಿಟ್ ಮಾರಬೇಡಿ ಸರ್. ಹಳೇ ಕಿಟ್‌ಗೆ ಯಾರೂ ದುಡ್ಡು ಕೊಡೋದಿಲ್ಲ, ಅದು ಬೇರೆ ಮಾತು.

ಮೊದಲು ಆ 108 ನೋಡೋಣ. ಪಾರ್ 72ರ (18 ಹೋಲಿಗೆ ನಿಗದಿ 72 ಹೊಡೆತದ) ಕೋರ್ಸಿನಲ್ಲಿ 108 ಅಂದರೆ ಪ್ರತಿ ಹೋಲಿಗೂ ಸರಿಯಾಗಿ ಎರಡೆರಡು ಹೊಡೆತ ಜಾಸ್ತಿ. ಜಪಮಾಲೆಯ ಮಣಿಯೂ 108. ಗ್ರೀನಿನ (ಪಟ್ ಮಾಡುವ ನುಣ್ಣನೆಯ ಹುಲ್ಲು) ಮೇಲಿರುವ ಆ ತೂತಿನ ಅಗಲವೂ 108 ಮಿಲಿಮೀಟರ್. ಆಂಬುಲೆನ್ಸಿನ ನಂಬರೂ ಅದೇ, ಆದರೆ ಅದನ್ನು ಕರೆಸುವ ಪರಿಸ್ಥಿತಿ ಬರಲಿಲ್ಲವಲ್ಲ, ಅಷ್ಟು ಸಾಕು. 11 ವರ್ಷ ಬಿಟ್ಟು ಬಂದವರಿಗೆ ಇದು ಕೆಟ್ಟ ಸ್ಕೋರ್ ಅಲ್ಲ. ನಾನು ಎರಡೇ ವರ್ಷ ಬಿಟ್ಟು ಮರಳಿದ್ದಾಗ ಮೊದಲ ಟೀಯಲ್ಲಿ (ಹೋಲಿನ ಮೊದಲ ಹೊಡೆತ ಹೊಡೆಯುವ ಜಾಗ) ಚೆಂಡಿಗೆ ಸ್ಟಿಕ್ ತಾಗಲೇ ಇಲ್ಲ. ಹಿಂದೆ ಎಂಟು ಜನ ನಿಂತಿದ್ದರು. ನಾನು ಆಗಲೇ ಇನ್ನೊಬ್ಬರಿಗೆ ಕಲಿಸಿ ಸಂಬಳ ತೆಗೆದುಕೊಳ್ಳುತ್ತಿದ್ದವನು.

(ಕ್ಲಬ್ ಅಂದರೆ ಸಂಸ್ಥೆಯೂ ಹೌದು, ಕೈಯಲ್ಲಿ ಹಿಡಿಯುವುದೂ ಹೌದು. ಗೊಂದಲ ಬೇಡ ಅಂತ ಕೈಯಲ್ಲಿರುವುದಕ್ಕೆ ಇಲ್ಲಿ ಸ್ಟಿಕ್ ಅನ್ನುತ್ತೇನೆ.)

ನೀವು ಲೆಕ್ಕ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಬಹಳ ಜನ "ಆಟ ಕೆಟ್ಟೋಯ್ತು" ಅಂತಷ್ಟೇ ಬರೆಯುತ್ತಾರೆ. ನಿಮ್ಮ ಲೆಕ್ಕದಲ್ಲೇ ಉತ್ತರ ಇದೆ. ಮರಗಳ ಸಂದಿಗೆ ಹೋಗಿ ಸಿಗದ ಚೆಂಡು ಒಂದೊಂದಕ್ಕೆ ಎರಡು ಹೊಡೆತ ತಿನ್ನುತ್ತದೆ. ಹೊಡೆದ ಹೊಡೆತವೂ ದಂಡ, ಮೇಲೆ ಇನ್ನೊಂದು ದಂಡ. ನಾಲ್ಕಕ್ಕೆ ಎಂಟಾಯಿತು. ನೀರಿಗೆ ಹೋದ ಮೂರಕ್ಕೆ ಒಂದೊಂದು ದಂಡ, ಮೂರು. ಅಲ್ಲಿಗೆ 11. ಪಟ್ 41 ಅಂದಿರಿ. ಹೋಲಿಗೆ ಎರಡರಂತೆ ಹಾಕಿದರೆ 36 ಆಗಬೇಕಿತ್ತು, ಐದು ಹೆಚ್ಚು. ಈಗ ಹೀಗೆ ಯೋಚಿಸಿ. ಪಟ್ 36ಕ್ಕೆ ಇಳಿಯಿತು, ಮರಕ್ಕೆ ಒಂದೇ ಚೆಂಡು ಹೋಯಿತು, ನೀರಿಗೆ ಒಂದೇ ಹೋಯಿತು ಅಂತಿಟ್ಟುಕೊಳ್ಳಿ. ಐದು ಇಲ್ಲಿ ಉಳಿಯಿತು, ಎಂಟು ಅಲ್ಲಿ ಉಳಿಯಿತು. 108 ಹೋಗಿ 95 ಆಯಿತು. ನಿಮ್ಮ ಸ್ವಿಂಗ್ ಒಂದು ಕೂದಲೆಳೆಯಷ್ಟೂ ಬದಲಾಗಿಲ್ಲ, ನೋಡಿ.

ಹಾಗಾದರೆ ಆ ಚೆಂಡುಗಳು ಯಾಕೆ ಹೋದವು? ನನ್ನ ಅನುಮಾನ ಕೈ ಮೇಲಲ್ಲ, ನೆನಪಿನ ಮೇಲೆ. ಮೈಗೆ 11 ವರ್ಷ ವಯಸ್ಸಾಯಿತು, ನೆನಪಿಗೆ ಒಂದು ದಿನವೂ ಆಗಿಲ್ಲ. ನೀರಿನ ಮೇಲೆ ದಾಟಿಸುವ ಪಾರ್ 3 ಹೋಲು ಬಂತು. "ಇಲ್ಲಿ ನಂದು ಯಾವಾಗಲೂ ಸೆವೆನ್ ಐರನ್" ಅಂತ ಕೈ ತಾನಾಗಿ ಸೆವೆನ್ ಐರನ್ (ಮಧ್ಯಮ ದೂರದ ಸ್ಟಿಕ್) ತೆಗೆಯಿತು. ಅಲ್ವಾ? ಆಗ ನಿಮ್ಮ ಸೆವೆನ್ ಐರನ್ 145 ಗಜ ಹೋಗುತ್ತಿದ್ದರೆ ಈಗ 130 ಹೋದರೆ ಹೆಚ್ಚು. ಚೆಂಡು ಚೆನ್ನಾಗಿಯೇ ತಾಗಿರುತ್ತದೆ, ನೇರವಾಗಿಯೇ ಹೋಗಿರುತ್ತದೆ, ಸರಿಯಾಗಿ ನೀರಿನ ನಡುವೆ ಬಿದ್ದಿರುತ್ತದೆ. ಡ್ರೈವರಿನಲ್ಲೂ, ಅಂದರೆ ಎಲ್ಲಕ್ಕಿಂತ ದೂರ ಹೊಡೆಯುವ ಸ್ಟಿಕ್ಕಿನಲ್ಲೂ, ಅಷ್ಟೇ. ಸ್ವಿಂಗಿನ ವೇಗ ಗಂಟೆಗೆ ಒಂದು ಮೈಲಿ ಕುಗ್ಗಿದರೆ ಚೆಂಡು ಸುಮಾರು ಎರಡೂವರೆ ಗಜ ಹಿಂದೆ ಬೀಳುತ್ತದೆ. ಹತ್ತು ಮೈಲಿ ಕುಗ್ಗಿದರೆ 25 ಗಜ. ಆ 25 ಗಜವನ್ನು ಹೇಗಾದರೂ ವಾಪಸ್ ತರಬೇಕು ಅಂತ ಜೋರಾಗಿ ಬೀಸುತ್ತೀರಿ. ಚೆಂಡು ಬಲಕ್ಕೆ ತಿರುಗಿ ಮರದ ಸಂದಿ ಸೇರುತ್ತದೆ.

ಮರಗಳ ವಿಷಯ ಇನ್ನೊಂದಿದೆ. 11 ವರ್ಷದಲ್ಲಿ ಮರ ಬೆಳೆಯುತ್ತದೆ. ನೀವು ಮೇಲಿಂದ ಹಾರಿಸುತ್ತಿದ್ದ ಸಸಿ ಈಗ ಎರಡು ಮಹಡಿ ಎತ್ತರ ಇರಬಹುದು. ಮದುವೆಯಾಗಿ ಬಹಳ ವರ್ಷದ ಮೇಲೆ ತವರಿಗೆ ಬಂದ ಹೆಣ್ಣುಮಗಳು ಅಡುಗೆಮನೆಯಲ್ಲಿ ಕತ್ತಲಲ್ಲೇ ಉಪ್ಪಿನ ಡಬ್ಬಿಗೆ ಕೈ ಹಾಕಿದರೆ ಸಿಗುವುದು ಸಕ್ಕರೆ. ಮನೆ ಅದೇ, ಅತ್ತಿಗೆ ಬಂದ ಮೇಲೆ ಡಬ್ಬಿ ಜಾಗ ಬದಲಾಗಿದೆ. ಹಾಗೆ, ಮುಂದಿನ ಸಲ ಈ ಕೋರ್ಸಿಗೆ ಮೊದಲ ಬಾರಿ ಬಂದವರಂತೆ ಹೋಗಿ. ಕ್ಯಾಡಿಯನ್ನು (ಕಿಟ್ ಹೊರುವ ಸಹಾಯಕ) ಕೇಳಿ. "ನಂಗೆ ಗೊತ್ತಪ್ಪ" ಅನ್ನುವ ಮಾತನ್ನು ಒಂದು ದಿನದ ಮಟ್ಟಿಗೆ ಗೇಟಿನ ಹೊರಗೆ ಬಿಟ್ಟು ಹೋಗಿ.

ಇನ್ನು ಅಭ್ಯಾಸ. ನಿಮಗೆ ಕೋರ್ಸ್ ಇಲ್ಲದಿರುವುದು ಒಂದು ರೀತಿ ಒಳ್ಳೆಯದೇ. ಇದ್ದಿದ್ದರೆ ನೀವು ಸೀದಾ ಹೋಗಿ ಡ್ರೈವರ್ ಹಿಡಿದು ನೂರು ಚೆಂಡು ಬಾರಿಸಿ ಬೆನ್ನು ಹಿಡಿಸಿಕೊಂಡು ಬರುತ್ತಿದ್ದಿರಿ. ಮರಳಿ ಬರುವವರು ತೂತಿನಿಂದ ಹಿಂದಕ್ಕೆ ಕಲಿಯಬೇಕು. ಮೊದಲು ಪಟ್, ಆಮೇಲೆ ಚಿಪ್ (ಗ್ರೀನಿನ ಹತ್ತಿರದ ಸಣ್ಣ ಹೊಡೆತ), ಆಮೇಲೆ ಅರ್ಧ ಸ್ವಿಂಗ್, ಕೊನೆಗೆ ಡ್ರೈವರ್. ಪಟ್‌ಗೆ ಮತ್ತು ಚಿಪ್‌ಗೆ ಮಹಡಿ ಸಾಕು.

ಪಟ್‌ಗೆ ಮಹಡಿಯ ಮೇಲೆ ಹಳೇ ಜಮಖಾನ ಹಾಸಿ. ಬರೀ ಸಿಮೆಂಟಿನ ಮೇಲೆ ಚೆಂಡು ಓಡಿಬಿಡುತ್ತದೆ, ಅಂದಾಜು ಸಿಗುವುದಿಲ್ಲ. ಮಹಡಿಯಲ್ಲಿ ಇನ್ನೊಂದು ಅನುಕೂಲ ಇದೆ, ಅದನ್ನು ಯಾರೂ ಗಮನಿಸಿರೋದಿಲ್ಲ. ಮಳೆನೀರು ಹರಿದು ಹೋಗಲಿ ಅಂತ ಗಾರೆಯವರು ಮಹಡಿಗೆ ಸಣ್ಣ ಇಳಿಜಾರು ಕೊಟ್ಟಿರುತ್ತಾರೆ. ನೀರು ಹೋಗುವ ಪೈಪು ಎಲ್ಲಿದೆ ನೋಡಿ. ಅದಕ್ಕೆ ಅಡ್ಡವಾಗಿ ಪಟ್ ಮಾಡಿ. ಚೆಂಡು ಕೊನೆಯಲ್ಲಿ ನಿಧಾನ ಆದಾಗ ಪೈಪಿನ ಕಡೆ ವಾಲುತ್ತದೆ. ಗ್ರೀನಿನ ಮೇಲೆ ಆಗುವುದೂ ಇದೇ. ಗುರಿಗೆ ಒಂದು ಸ್ಟೀಲ್ ಲೋಟ ಅಡ್ಡ ಮಲಗಿಸಿ. ಲೋಟದ ಬಾಯಿ ನಿಜವಾದ ಹೋಲಿಗಿಂತ ಬಹಳ ಚಿಕ್ಕದು. ಅದಕ್ಕೆ ಹತ್ತರಲ್ಲಿ ನಾಲ್ಕು ಹೋದರೂ ಬೇಸರ ಬೇಡ.

ಆದರೆ ಲೋಟಕ್ಕೆ ಹಾಕುವುದಕ್ಕಿಂತ ಮುಖ್ಯವಾದ್ದು ಅಳತೆ. 41 ಪಟ್ ಆಗುವುದು ಮೂರಡಿಯ ಪಟ್ ತಪ್ಪಿ ಅಲ್ಲ. ಮೂವತ್ತಡಿಯಿಂದ ಹೊಡೆದ ಮೊದಲ ಪಟ್ ಎಂಟಡಿ ದೂರ ನಿಂತು ಆಗುತ್ತದೆ. ಎಂಟಡಿಯಿಂದ ಪಿಜಿಎ ಟೂರಿನಲ್ಲಿ (ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿ) ಆಡುವವರೇ ಸುಮಾರು ಅರ್ಧ ಸಲ ತಪ್ಪುತ್ತಾರೆ. ನೀವು ನಾವು ಏನು ಮಹಾ. ಹಾಗಾಗಿ ಮಹಡಿಯ ಈ ಮೂಲೆಯಿಂದ ಆ ಮೂಲೆಗೆ ಹೊಡೆಯಿರಿ. ಲೋಟದ ಸುತ್ತ ಮೂರಡಿಯ ಒಂದು ಸುತ್ತು ರಂಗೋಲಿ ಪುಡಿಯಲ್ಲಿ ಎಳೆಯಿರಿ. ಚೆಂಡು ಆ ಸುತ್ತಿನೊಳಗೆ ನಿಂತರೆ ಪಾಸು. ಒಳಗೆ ಬೀಳುವುದು ಬೇಕಿಲ್ಲ. ದಿನಾ ಇಪ್ಪತ್ತು ನಿಮಿಷ. ಮನೆಯಲ್ಲಿ ರಂಗೋಲಿ ಪುಡಿ ಖಾಲಿ ಆಗಿದ್ದಕ್ಕೆ ಜಗಳ ಬಂದರೆ ನನ್ನ ಹೆಸರು ಹೇಳಬೇಡಿ.

ಪಟ್ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣ ಇದೆ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾಗಿ ಬಂದರು. ಕಂಚಿನ ಪದಕ ಒಂದೇ ಒಂದು ಹೊಡೆತಕ್ಕೆ ತಪ್ಪಿತು. ಆ ವಾರ ದೂರ ಹೊಡೆಯುವವರ ಪಟ್ಟಿಯಲ್ಲಿ ಅವರು ತೀರ ಕೆಳಗಿದ್ದರು. ಅವರನ್ನು ಅಷ್ಟು ಮೇಲೆ ತಂದದ್ದು ಪಟರ್. 25 ಗಜ ಕಳೆದುಕೊಂಡೆ ಅಂತ ನಿಮಗೆ ಅನ್ನಿಸಿದಾಗಲೆಲ್ಲ ಇದನ್ನು ನೆನಪು ಮಾಡಿಕೊಳ್ಳಿ.

ಚಿಪ್‌ಗೂ ರಂಗೋಲಿ ಪುಡಿಯೇ ಬೇಕು. ತೆಂಗಿನ ನಾರಿನ ದಪ್ಪ ಮ್ಯಾಟ್ ಒಂದನ್ನು ಹಾಸಿ. ಅದರ ಮೇಲೆ ಅಡ್ಡವಾಗಿ ಒಂದು ಬಿಳಿ ಗೆರೆ ಎಳೆಯಿರಿ. ಗೆರೆಯನ್ನೇ ಚೆಂಡು ಅಂದುಕೊಂಡು, ಚೆಂಡಿಲ್ಲದೆ, ವೆಡ್ಜ್ (ಚಿಪ್ ಹೊಡೆಯುವ ಸ್ಟಿಕ್) ಬೀಸಿ. ಮ್ಯಾಟಿಗೆ ಸ್ಟಿಕ್ ಉಜ್ಜಿದ ಗುರುತು ಗೆರೆಯ ಮೇಲೆ ಅಥವಾ ಗುರಿಯ ಕಡೆ ಇರಬೇಕು. ಗೆರೆಗಿಂತ ಹಿಂದೆ ಉಜ್ಜಿದ್ದರೆ ಕೋರ್ಸಿನಲ್ಲಿ ನೀವು ಮೊದಲು ನೆಲಕ್ಕೆ, ಆಮೇಲೆ ಚೆಂಡಿಗೆ ಹೊಡೆಯುತ್ತೀರಿ ಅಂತ ಅರ್ಥ. ಬಹಳ ವರ್ಷ ಬಿಟ್ಟವರಲ್ಲಿ ಹತ್ತಕ್ಕೆ ಎಂಟು ಜನ ಹೀಗೇ ಮಾಡುವುದನ್ನು ನೋಡಿದ್ದೇನೆ. ಮೈಭಾರ ಹಿಂದಿನ ಕಾಲಿನ ಮೇಲೇ ಉಳಿದುಬಿಟ್ಟಿರುತ್ತದೆ. ಮುಂದಿನ ಕಾಲಿಗೆ ಭಾರ ಹಾಕಿ ನಿಂತೇ ಶುರು ಮಾಡಿ. ಗುರುತು ತಾನಾಗಿ ಮುಂದೆ ಹೋಗುತ್ತದೆ.

ಚೆಂಡು ಹೊಡೆಯಬೇಕು ಅನಿಸಿದರೆ ತೂತಿರುವ ಪ್ಲಾಸ್ಟಿಕ್ ಚೆಂಡು ತನ್ನಿ. ತಡೆಯಲು ಪರದೆ ಬೇಕಲ್ಲ, ಅದಕ್ಕೆ ನಿಮಗಿಂತ ಅನುಕೂಲ ಇನ್ಯಾರಿಗಿದೆ! ಘಟಕದಲ್ಲಿ ಉಳಿದ ದಪ್ಪ ಡೆನಿಮ್ ಎರಡು ಪದರ ಮಾಡಿ ಹೊಲಿಸಿ, ಹಗ್ಗಕ್ಕೆ ಸಡಿಲವಾಗಿ ನೇತುಹಾಕಿ. ಬಿಗಿಯಾಗಿ ಕಟ್ಟಿದರೆ ಚೆಂಡು ವಾಪಸ್ ಮುಖಕ್ಕೆ ಬರುತ್ತದೆ. ಸಡಿಲ ಇದ್ದರೆ ಅಲ್ಲೇ ಸತ್ತು ಕೆಳಗೆ ಬೀಳುತ್ತದೆ. ನಿಜವಾದ ಚೆಂಡನ್ನು ಮಹಡಿಯಿಂದ ಹೊಡೆಯುವ ಆಸೆ ದಯವಿಟ್ಟು ಬೇಡ. 46 ಗ್ರಾಮಿನ ಗಟ್ಟಿ ಗುಂಡು ಅದು. ಪಕ್ಕದ ಬೀದಿಯಲ್ಲಿ ಕಾರಿನ ಗಾಜೂ ಇರುತ್ತದೆ, ತಲೆಯೂ ಇರುತ್ತದೆ.

ಊರಾಚೆ ಹೊಲದಲ್ಲಿ ಹೊಡೆಯಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಮುಂದೆ ಕೇಳುತ್ತೀರಿ. ನಮ್ಮ ಕಡೆಯ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗಿರುತ್ತದೆ. ಅದರ ಮೇಲೆ ಐರನ್ ಬೀಸಿದರೆ ಪೆಟ್ಟು ಚೆಂಡಿಗಲ್ಲ, ಮಣಿಕಟ್ಟಿಗೆ. ಮೊಣಕೈಯ ಒಳಭಾಗದಲ್ಲಿ ನೋವು ಶುರುವಾದರೆ ಅದಕ್ಕೆ ಗಾಲ್ಫರ್ಸ್ ಎಲ್ಬೋ ಅಂತಲೇ ಹೆಸರಿದೆ. ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ಮಳೆ ಬಿದ್ದ ಮೇಲೆ ಅದೇ ಮಣ್ಣು ಬೂಟಿಗೆ ಐದು ಕೇಜಿ ಅಂಟಿಕೊಳ್ಳುತ್ತದೆ. ಎರಡೂ ಬೇಡ.

ಮೈ ವಿಷಯಕ್ಕೆ ಬರೋಣ. ಹೊಲಿಗೆ ಘಟಕ ಅಂದರೆ ಕೂತ ಕೆಲಸ, ಇಲ್ಲ ನಿಂತ ಕೆಲಸ. ಎರಡರಲ್ಲೂ ಸೊಂಟದ ಮೇಲಿನ ಭಾಗ ತಿರುಗುವುದೇ ಇಲ್ಲ. ಗಾಲ್ಫಿಗೆ ಬೇಕಾದ್ದು ಅದೊಂದೇ. ಒಂದು ಪರೀಕ್ಷೆ ಮಾಡಿ. ಕುರ್ಚಿಯ ತುದಿಯಲ್ಲಿ ಕೂತು ಮಂಡಿ ಎರಡನ್ನೂ ಜೋಡಿಸಿ, ಪೊರಕೆಯ ಕೋಲನ್ನು ಎದೆಗೆ ಅಡ್ಡ ಹಿಡಿದು ತಿರುಗಿ. ಮಂಡಿ ಅಲುಗಬಾರದು. ಎರಡೂ ಕಡೆಗೆ ಸುಮಾರು 45 ಡಿಗ್ರಿ ತಿರುಗಬೇಕು. ಆಗಲಿಲ್ಲವಾ? ಆಗೋದಿಲ್ಲ ಅಂತ ನನಗೆ ಗೊತ್ತಿತ್ತು. ಎದೆ ತಿರುಗದಿದ್ದಾಗ ಕೈಯಷ್ಟೇ ಮೇಲೆ ಹೋಗುತ್ತದೆ, ಮೇಲಿಂದ ಸೌದೆ ಒಡೆದ ಹಾಗೆ ಕೆಳಗೆ ಬರುತ್ತದೆ, ಚೆಂಡು ಬಲಕ್ಕೆ ತಿರುಗುತ್ತದೆ. ಮರದ ಸಂದಿಯ ನಾಲ್ಕು ಚೆಂಡಿನ ಮೂಲ ಅರ್ಧ ಇಲ್ಲೇ ಇದೆ. ಬೆಳಗ್ಗೆ ಹತ್ತು, ಸಂಜೆ ಹತ್ತು ಸಲ ಇದೇ ಪರೀಕ್ಷೆಯನ್ನೇ ವ್ಯಾಯಾಮ ಅಂತ ಮಾಡಿ. ನೋವು ಬರುವಷ್ಟು ಎಳೆಯಬೇಡಿ. ಆರು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ.

ಕಾಲಿಗೆ ಬಳ್ಳಾರಿ ಗುಡ್ಡ ಇದೆ. 18 ಹೋಲ್ ನಡೆದು ಆಡಿದರೆ ಎಂಟು ಕಿಲೋಮೀಟರಿಗೆ ಕಮ್ಮಿ ಆಗುವುದಿಲ್ಲ. ನಿಮ್ಮ ಸ್ಕೋರ್ ಕಾರ್ಡ್ ಕಳಿಸಿದ್ದೀರಲ್ಲ, ಮೊದಲ ಒಂಬತ್ತಕ್ಕೆ 50, ಕೊನೆಯ ಒಂಬತ್ತಕ್ಕೆ 58. ಅಂದರೆ ಕಾಲು ಸೋತಿತ್ತು. ವಾರಕ್ಕೆ ಮೂರು ದಿನ ಕೋಟೆಯ ಮೆಟ್ಟಿಲು ಹತ್ತಿ. ಇಳಿಯುವಾಗ ಹತ್ತುವುದಕ್ಕಿಂತ ನಿಧಾನ ಇಳಿಯಿರಿ, ತೊಡೆಗೆ ನಿಜವಾದ ಕೆಲಸ ಸಿಗುವುದು ಇಳಿಯುವಾಗ. ಹೊತ್ತು ಮಾತ್ರ ನೋಡಿಕೊಳ್ಳಿ. ನಮ್ಮೂರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ನಗಾಡುತ್ತೇವಲ್ಲ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ, ಆ ಬಂಡೆ ರಾತ್ರಿಯಾದರೂ ಆರುವುದಿಲ್ಲ. ಬೆಳಗ್ಗೆ ಆರಕ್ಕೆ ಶುರು ಮಾಡಿ ಏಳರೊಳಗೆ ಇಳಿದುಬಿಡಿ. ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ. ಒಗ್ಗರಣಿ-ಮಿರ್ಚಿ ಭಾನುವಾರಕ್ಕೆ ಇರಲಿ. ಬಿಪಿ, ಶುಗರ್ ಇದ್ದರೆ, 54ಕ್ಕೆ ಇರೋದು ಸಹಜ, ಗುಡ್ಡ ಹತ್ತುವ ಮೊದಲು ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳಿ.

ರೈಲಿನ ವಿಷಯ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಬರ್ತಿನಲ್ಲಿ ಮುದುರಿ ಮಲಗಿ, ಬೆಳಗ್ಗೆ ಇಳಿದು, ಆಟೋ ಹತ್ತಿ ಸೀದಾ ಮೊದಲ ಟೀಗೆ ಹೋಗಿದ್ದೀರಿ. ಇಪ್ಪತ್ತೈದರ ಹುಡುಗನೂ ಹಾಗೆ ಆಡಲಾರ. ಬೆಳಗ್ಗೆ ಎದ್ದ ಕೂಡಲೇ ಬೆನ್ನುಮೂಳೆಯ ನಡುವಿನ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ, ಬಗ್ಗಿ ತಿರುಗುವ ಕೆಲಸಕ್ಕೆ ಅದು ಒಳ್ಳೆಯ ಹೊತ್ತಲ್ಲ. ಶುಕ್ರವಾರ ರಾತ್ರಿ ಹೊರಟರೆ ಶನಿವಾರ ಮಗಳ ಜೊತೆ ಇರಿ, ಸಂಜೆ ಕ್ಲಬ್ಬಿಗೆ ಹೋಗಿ ಪಟ್ ಮಾಡಿ, ಭಾನುವಾರ ಆಡಿ. ಮಗಳಿಗೂ ಖುಷಿ.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 11 ವರ್ಷ ಹಳೆಯ ರಬ್ಬರ್ ಗ್ರಿಪ್ ಬಳ್ಳಾರಿ ಬಿಸಿಲಿಗೆ ಒಣಗಿ ಗಾಜಿನಂತಾಗಿರುತ್ತದೆ. ಅದು ಜಾರುತ್ತದೆ ಅಂತ ನೀವು ಬಿಗಿ ಹಿಡಿಯುತ್ತೀರಿ, ಬಿಗಿ ಹಿಡಿದರೆ ಸ್ವಿಂಗ್ ಸಾಯುತ್ತದೆ. ಗ್ರಿಪ್ ಬದಲಾಯಿಸಿ, ಮಿಕ್ಕಿದ್ದೆಲ್ಲ ಆಮೇಲೆ. ತ್ರೀ ಮತ್ತು ಫೋರ್ ಐರನ್ ಮನೆಯಲ್ಲೇ ಬಿಟ್ಟು ಒಂದು ಹೈಬ್ರಿಡ್ (ದೂರಕ್ಕೆ ಹೊಡೆಯಲು ಅವಕ್ಕಿಂತ ಸುಲಭವಾದ ಸ್ಟಿಕ್) ಕೊಳ್ಳಿ. ಹಳೇ ಬೂಟು ಹಾಕುವ ಮೊದಲು ಅಡಿಭಾಗ ಬಗ್ಗಿಸಿ ನೋಡಿ. ಬಹಳ ವರ್ಷ ಪೆಟ್ಟಿಗೆಯಲ್ಲಿದ್ದ ಬೂಟಿನ ಅಡಿ ಏಳನೇ ಹೋಲಿನಲ್ಲಿ ಕಿತ್ತು ಬರುವುದನ್ನು ಕಣ್ಣಾರೆ ಕಂಡಿದ್ದೇನೆ. ಕಿಟ್ಟನ್ನು ಕಾರಿನ ಡಿಕ್ಕಿಯಲ್ಲಿ ಇಡಬೇಡಿ, ನಮ್ಮ ಬಿಸಿಲಿಗೆ ಸ್ಟಿಕ್ಕಿನ ತಲೆ ಹಿಡಿದಿರುವ ಅಂಟು ಸಡಿಲವಾಗುತ್ತದೆ.

ನಿಯಮಗಳು ಬದಲಾಗಿವೆ, ಇದನ್ನು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ನೀವು ಇಲ್ಲದಾಗ, 2019ರಲ್ಲಿ, ನಿಯಮ ಪುಸ್ತಕವನ್ನೇ ಹೊಸದಾಗಿ ಬರೆದರು. ಕಳೆದ ಚೆಂಡು ಹುಡುಕಲು ಮೊದಲು ಐದು ನಿಮಿಷ ಇತ್ತು, ಈಗ ಮೂರೇ. ಚೆಂಡು ಡ್ರಾಪ್ ಮಾಡುವಾಗ ಭುಜದ ಎತ್ತರದಿಂದ ಬಿಡುತ್ತಿದ್ದಿರಿ, ಈಗ ಮಂಡಿಯ ಎತ್ತರದಿಂದ ಬಿಡಬೇಕು. ಪಟ್ ಮಾಡುವಾಗ ಬಾವುಟದ ಕೋಲು ಹೋಲಿನಲ್ಲೇ ಇರಬಹುದು, ತಾಗಿದರೆ ದಂಡವಿಲ್ಲ. ಗ್ರೀನಿನ ಮೇಲೆ ಕೈತಪ್ಪಿ ಚೆಂಡು ಅಲುಗಿದರೆ ದಂಡವಿಲ್ಲ, ವಾಪಸ್ ಇಟ್ಟರೆ ಆಯಿತು. ಬೂಟಿನ ಮೊಳೆಯ ಗುರುತನ್ನೂ ಸರಿಮಾಡಬಹುದು. ಬಂಕರಿನಲ್ಲಿ (ಮರಳಿನ ಗುಂಡಿ) ಒಣ ಎಲೆ, ಕಡ್ಡಿ ತೆಗೆಯಬಹುದು. ಉದ್ದನೆಯ ಪಟರನ್ನು ಹೊಟ್ಟೆಗೆ ಆನಿಸಿ ಹೊಡೆಯುವುದು ಮಾತ್ರ 2016ರಿಂದ ನಿಷೇಧ.

ನಿಮಗೆ ಹೆಚ್ಚು ಉಪಯೋಗ ಆಗುವುದು ಇದೊಂದು. ಚೆಂಡು ಕಳೆದರೆ ಅಥವಾ ಓಬಿ (ಕೋರ್ಸಿನ ಗಡಿಯಾಚೆ) ಹೋದರೆ ಮೊದಲು ಹಿಂದಕ್ಕೆ ನಡೆದುಹೋಗಿ ಮತ್ತೆ ಹೊಡೆಯಬೇಕಿತ್ತು. ಈಗ ಕ್ಲಬ್ ಆ ಸ್ಥಳೀಯ ನಿಯಮ ಇಟ್ಟುಕೊಂಡಿದ್ದರೆ ಎರಡು ದಂಡ ಹಾಕಿಕೊಂಡು, ಚೆಂಡು ಕಳೆದ ಜಾಗದ ನೇರಕ್ಕೆ ಫೇರ್‌ವೇ (ಟೀಯಿಂದ ಗ್ರೀನಿನ ಕಡೆ ಹುಲ್ಲು ಕತ್ತರಿಸಿದ ಹಾದಿ) ಅಂಚಿನಲ್ಲಿ ಡ್ರಾಪ್ ಮಾಡಿ ಮುಂದೆ ಆಡಬಹುದು. ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಗೆಳೆಯರ ಆಟದಲ್ಲಿ ಇರುತ್ತದೆ. ಕಚೇರಿಯಲ್ಲಿ ಕೇಳಿ. ಹಿಂದೆ ಕಾಯುವವರ ಮುಖ ನೋಡುತ್ತಾ ಟೀಗೆ ವಾಪಸ್ ನಡೆಯುವ ಆ ನಡಿಗೆ ಇದೆಯಲ್ಲ, ಅರ್ಧ ಆಟ ಕೆಡುವುದು ಅಲ್ಲಿ.

ಹ್ಯಾಂಡಿಕ್ಯಾಪ್ ಲೆಕ್ಕವೂ 2020ರಿಂದ ಜಗತ್ತಿಗೆಲ್ಲ ಒಂದೇ ಪದ್ಧತಿಗೆ ಬಂತು. ನಿಮ್ಮ ಹಳೇ 14 ಈಗ ಬರೀ ನೆನಪು. ಹೊಸದಾಗಿ ಪಡೆಯಲು ಒಟ್ಟು 54 ಹೋಲಿನ ಕಾರ್ಡು ಕೊಟ್ಟರೆ ಸಾಕು, ಅಂದರೆ 18ರಂತೆ ಮೂರು ಆಟ. 9 ಹೋಲಿನ ಕಾರ್ಡೂ ನಡೆಯುತ್ತದೆ. ಹ್ಯಾಂಡಿಕ್ಯಾಪ್ ಸಿಗುವ ತನಕ ಒಂದು ಹೋಲಿಗೆ ಪಾರ್ ಮೇಲೆ ಐದಕ್ಕಿಂತ ಹೆಚ್ಚು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಾರ್ 4ರಲ್ಲಿ ನೀವು 12 ಹೊಡೆದರೂ ಅಲ್ಲಿ ಬರೆಯುವುದು 9. ಮುಂದೆ 20 ಆಟ ಆದಮೇಲೆ ಅದರಲ್ಲಿ ಒಳ್ಳೆಯ ಎಂಟರ ಸರಾಸರಿ ನಿಮ್ಮ ಹ್ಯಾಂಡಿಕ್ಯಾಪ್. ಕೆಟ್ಟ 12 ಆಟಗಳನ್ನು ಅದು ನೋಡುವುದೇ ಇಲ್ಲ. ಮರಳಿ ಬರುವವರಿಗೆ ಇಷ್ಟು ಕರುಣೆಯ ಪದ್ಧತಿ ಇನ್ನೊಂದಿಲ್ಲ. ಆ 108ರ ಕಾರ್ಡನ್ನೂ ನಾಚಿಕೊಳ್ಳದೆ ಕೊಡಿ. 14 ಅಂತ ಹಳೇ ಲೆಕ್ಕ ಹೇಳಿ ಗೆಳೆಯರ ಜೊತೆ ಬಾಜಿ ಕಟ್ಟಿದ್ದರೆ, ಆ ದಿನದ ಕಾಫಿ ತಿಂಡಿ ಬಿಲ್ಲು ನೀವೇ ಕೊಟ್ಟಿರುತ್ತೀರಿ. ಹೌದೋ ಅಲ್ಲವೋ?

ಒಂದೊಂದು ಹೋಲಿಗೂ ಹಿಂದೆ ಮುಂದೆ ಹಲವು ಟೀ ಇರುತ್ತವಲ್ಲ, ನಿಮ್ಮದು ಯಾವುದು ಅನ್ನುವುದು ಉಳಿಯಿತು. ಇಲ್ಲಿ ಗಂಡಸರ ಮಾನದ ಪ್ರಶ್ನೆ ಬರುತ್ತದೆ, ಅದಕ್ಕೇ ಬಹಳ ಜನ ಹಾಳಾಗುವುದು. ನಿಮ್ಮ ಫೈವ್ ಐರನ್ ಈಗ ನಿಜವಾಗಿ ಎಷ್ಟು ಗಜ ಹೋಗುತ್ತದೆ ನೋಡಿ, 36ರಿಂದ ಗುಣಿಸಿ. 150 ಹೋದರೆ 5,400 ಗಜ. ನಿಮಗೆ ತಕ್ಕ ಕೋರ್ಸಿನ ಉದ್ದ ಅಷ್ಟು. 6,500 ಗಜದ ಹಿಂದಿನ ಟೀಯಿಂದ ಹಳೇ ಗೆಳೆಯರು ಆಡುತ್ತಾರೆ ಅಂತ ನೀವೂ ಆಡಿದರೆ ಎರಡನೇ ಹೊಡೆತಕ್ಕೆ ಯಾವಾಗಲೂ ಕೈಯಲ್ಲಿ ಉದ್ದನೆಯ ಸ್ಟಿಕ್ಕೇ ಇರುತ್ತದೆ. ಗ್ರೀನಿಗೆ ಹತ್ತಿರವಿರುವ ಮುಂದಿನ ಟೀಯಿಂದ ಆಡಿ. ಅವರು ನಗಲಿ. ಬೇರೆ ಬೇರೆ ಟೀಯಿಂದ ಆಡಿದರೂ ಹ್ಯಾಂಡಿಕ್ಯಾಪ್ ಲೆಕ್ಕ ಸರಿತೂಗಿಸುತ್ತದೆ.

"ಮೊದಲಿನಂತೆ ಆಡಬಹುದೇ" ಅಂತ ಕೇಳಿದ್ದಿರಿ. 1977ರಲ್ಲಿ ಅಮೆರಿಕದ ಆಟಗಾರ ಟಾಮ್ ವಾಟ್ಸನ್ ಸ್ಕಾಟ್ಲೆಂಡಿನ ಟರ್ನ್‌ಬೆರಿಯಲ್ಲಿ ಬ್ರಿಟನ್ನಿನ ದೊಡ್ಡ ಗಾಲ್ಫ್ ಪಂದ್ಯಾವಳಿ ಓಪನ್ ಗೆದ್ದರು. 32 ವರ್ಷದ ಮೇಲೆ, 2009ರಲ್ಲಿ, ಅದೇ ಕೋರ್ಸಿಗೆ ಅದೇ ಓಪನ್ ಆಡಲು ಬಂದರು. ವಯಸ್ಸು 59. ಒಂಬತ್ತು ತಿಂಗಳ ಹಿಂದಷ್ಟೇ ಸೊಂಟದ ಕೀಲು ಬದಲಾಯಿಸಿದ್ದರು. ಮೂರು ದಿನ ಮುಗಿದಾಗ ಅವರೇ ಮುಂದೆ. ಕೊನೆಯ ಹೋಲಿನಲ್ಲಿ ಪಾರ್ ಮಾಡಿದ್ದರೆ ಗೆದ್ದೇಬಿಡುತ್ತಿದ್ದರು. ಏಯ್ಟ್ ಐರನ್ನಿನ ಚೆಂಡು ಗ್ರೀನ್ ದಾಟಿ ಹಿಂದೆ ಹೋಯಿತು, ಬೋಗಿ (ಪಾರ್‌ಗಿಂತ ಒಂದು ಹೆಚ್ಚು) ಆಯಿತು, ಸ್ಕೋರು ಸಮ ಆಗಿ ಪ್ಲೇ-ಆಫಿನಲ್ಲಿ ಸ್ಟೀವರ್ಟ್ ಸಿಂಕ್ ಗೆದ್ದರು. ವಾಟ್ಸನ್ ನೀವೂ ಅಲ್ಲ, ನಾನೂ ಅಲ್ಲ. ಹಳೇ ಕೋರ್ಸಿಗೆ ಹಳೇ ಮೈ ಹೊತ್ತು ಬಂದು ಒಳ್ಳೆಯ ಆಟ ಆಡಬಹುದು ಅನ್ನುವುದಕ್ಕೆ ಮಾತ್ರ ಹೇಳಿದೆ.

ನಿಮಗೆ ನನ್ನ ಅಂದಾಜು ಹೀಗಿದೆ. ಮೂರು ತಿಂಗಳು ಮಹಡಿ ಮತ್ತು ಗುಡ್ಡ. ಈ ಮೂರು ತಿಂಗಳಲ್ಲಿ ಬೆಂಗಳೂರಿಗೆ ಹೋದಾಗ 9 ಹೋಲ್ ಮಾತ್ರ ಆಡಿ, ಅದೂ ಹಳೇ ಗೆಳೆಯರ ಜೊತೆ ಬೇಡ, ಕ್ಯಾಡಿಯ ಜೊತೆ ಒಬ್ಬರೇ. ಡ್ರೈವರ್ ಚೀಲದಿಂದ ತೆಗೆಯಬೇಡಿ, ಟೀಯಿಂದ ಹೈಬ್ರಿಡ್ ಹೊಡೆಯಿರಿ. ಬೀಸುವಾಗ ಮನಸ್ಸಿನಲ್ಲಿ "ಒಂದು, ಎರಡು, ಮೂರು" ಅನ್ನುತ್ತ ಹಿಂದಕ್ಕೆ ಹೋಗಿ, "ಹೊಡಿ" ಅಂತ ಕೆಳಗೆ ಬನ್ನಿ. ಹಿಂದಕ್ಕೆ ಮೂರು ಪಾಲು ಹೊತ್ತು, ಕೆಳಕ್ಕೆ ಒಂದು ಪಾಲು. ದೊಡ್ಡ ಆಟಗಾರರ ಲಯವೂ ಹೆಚ್ಚು ಕಡಿಮೆ ಇದೇ. ಪ್ರತಿ ಸ್ಟಿಕ್ ಈಗ ಎಷ್ಟು ಗಜ ಹೋಗುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಬೆಂಗಳೂರಿನಲ್ಲೇ ಬರೆದುಕೊಳ್ಳಿ. ಅದು ನಮ್ಮೂರಿಗಿಂತ ಸುಮಾರು 400 ಮೀಟರ್ ಎತ್ತರ, ಗಾಳಿ ತೆಳು, ಚೆಂಡು ಒಂದು ಚೂರು ಮುಂದೆ ಹೋಗುತ್ತದೆ. ಹಳೇ ಅಂಕಿ ನೆನಪಾದರೆ ಚೀಟಿ ನೋಡಿ.

ನಾಲ್ಕನೇ ತಿಂಗಳಲ್ಲಿ ಗೆಳೆಯರ ಜೊತೆ 18 ಆಡಿ. 95ರ ಆಸುಪಾಸು ಬಂದರೆ ಲೆಕ್ಕ ಸರಿಯಾಗಿದೆ. ಒಂದು ವರ್ಷದಲ್ಲಿ 90ರ ಹತ್ತಿರ, ಅಂದರೆ ಹೋಲಿಗೊಂದು ಬೋಗಿ, ನಿಮ್ಮಂಥವರಿಗೆ ಆಗುವ ಮಾತೇ. ಹಳೇ 14 ಬರುತ್ತದೋ ಇಲ್ಲವೋ, ತಿಂಗಳಿಗೊಂದು ಆಟದಲ್ಲಿ ಬರುವುದು ಕಷ್ಟ, ಸುಳ್ಳು ಹೇಳುವುದಿಲ್ಲ. ತಿಂಗಳಿಗೆ ಎರಡು ಸಲ ಹೋಗುವಂತಾದರೆ ಮತ್ತೆ ಬರೆಯಿರಿ, ಆಗ ಡ್ರೈವರ್ ಬಗ್ಗೆ ಮಾತಾಡೋಣ. ಬರೆಯುವಾಗ ಈ ಸಲದ ಹಾಗೇ ಪಟ್ ಎಷ್ಟು, ಕಳೆದ ಚೆಂಡು ಎಷ್ಟು ಅಂತ ಲೆಕ್ಕ ಇರಲಿ. ಆ ಪಾರ್ 3ರಲ್ಲಿ ಯಾವ ಸ್ಟಿಕ್ ತೆಗೆದಿರಿ ಅನ್ನುವುದನ್ನೂ ಬರೆಯಿರಿ.